ಏಳೆಂಟ್ಲೆ

ಕಪ್ಪತಗುಡ್ಡದಿಂದ ಇಳಿದು ಬಂದದ್ದು
ಚಿರತಿಯೋ ಕತ್ತೆಕಿರುಬವೋ, ಯಾರೂ ನೆಟ್ಟಗ ನೋಡಿಲ್ಲ.
ಹಜರತಬಿಯ ಎರಡು ಆಡು ಹೋದವು,
ಬೋರವೆಲ್ಲಿನ ಕೆಸರಿನ್ಯಾಗ ಒಂದು ಹೆಜ್ಜಿ ಉಳೀತು.
ಅದರ ಮ್ಯಾಲೆ ಬುಟ್ಟಿ ಬೋರಲ ಹಾಕಿ ಕಾದ್ರು,
ಅರಣ್ಯ ಇಲಾಖೆಯವರು ಫೋಟೋ ತಗೊಂಡು ಹೋದ್ರು.

ಸಾಲಿಯ ಹಿಂದಿನ ಗ್ವಾಡಿ ಬಿದ್ದು ನಾಲ್ಕು ವರ್ಷ,
ಅಂದಾಜುಪಟ್ಟಿ ಗದಗಿನ ಯಾವುದೋ ಮೇಜಿನ ಮ್ಯಾಲೆ
ಇನ್ನೂ ಕುಂತೈತಿ.
ಎಸ್‌ಡಿಎಂಸಿ ಸಭಾದಾಗ, ಚಹಾ ಆರೋ ಮೊದಲ,
ಅಧ್ಯಕ್ಷ ಅಂದಾನಗೌಡ ಬಾಯಿ ತೆರೆದ:
“ಮಾಸ್ತರ, ನಿಮ್ಮಪ್ಪನ ಬಂದೂಕು ಐತೆಲ್ಲ,
ಹಂದಿ ಬೆದರಸಾಕ ಲೈಸನ್ಸ್ ತಗೊಂಡದ್ದು,
ನಾಳಿಂದ ಸಾಲಿಗೆ ತರ್ರಿ.”
ಗ್ವಾಡಿಗೆ ದುಡ್ಡು ಬೇಕು, ಬಂದೂಕಿಗೆ ಬ್ಯಾಡ.
ಯಾರೂ ಒಲ್ಲೆ ಅನಲಿಲ್ಲ. ನಾನೂ ಅನಲಿಲ್ಲ.

ಅಪ್ಪ ಅದನ್ನ ಹತ್ತು ಸರತಿ ಹಾರಿಸಿದ್ದನೋ ಇಲ್ಲೋ,
ಹಾರಿಸಿದ್ದೆಲ್ಲ ಆಕಾಶಕ್ಕ.
ಇಲೆಕ್ಷನ್ ಬಂದಾಗೊಮ್ಮೆ ಠಾಣೆಗೆ ಒಪ್ಪಿಸಿ
ರಶೀದಿ ಮಡಚಿ ಪಂಚಾಂಗದಾಗ ಇಡೋನು.
ಈಗ ಲೈಸನ್ಸ್ ನನ್ನ ಹೆಸರಿಗೈತಿ.
ಅವ್ವನ ಹಳೇ ಸೀರ್ಯಾಗ ಸುತ್ತಿ, ಗಾಡಿಗೆ ಕಟ್ಟಿ ತಂದು
ಏಳನೇತ್ತೆ ಖೋಲಿಯ ಕಪಾಟದಾಗ ಇಟ್ಟೆ:
ಸೀಮೆಸುಣ್ಣದ ಪೆಟ್ಟಿಗಿ, ಮೊಟ್ಟಿ ಲೆಕ್ಕದ ವಹಿ,
ಮೂಲಿ ಹರಿದ ನಕಾಶೆ, ಅದರ ಬಾಜೂಕ ಅದು.
ಕೀಲಿಕೈ ಕಿಸೆದಾಗ.

ಒಂದು ಮಾತು ಒಪ್ಪಬೇಕು:
ಆ ದಿನ ಸಾಲಿ ಭಾಳ ಶಾಂತ ಇತ್ತು.
ಬಡಿಗಿ ಹಿಡಿದಾಗ ಬರದ ಶಿಸ್ತು ತಾನ ಬಂತು.
ನನಗ ಹಿತ ಆತು.
ಹೇಳಾಕ ನಾಚಿಕಿ, ಆದ್ರೂ ಹಿತ ಆತು.
ಹಿಂದ ಕುಂದರೋ ದಾವಲ ಪೆನ್ನು ಕಚ್ಚೋದು ಬಿಟ್ಟು
ಕಪಾಟ ನೋಡಿಕೋತ ಕುಂತಿದ್ದ.

ಮೂರನೇ ದಿನ ಹಲಗಿ ಮ್ಯಾಲೆ ಬರೆದೆ:
ಏಳೆಂಟ್ಲೆ ಐವತ್ನಾಲ್ಕು.
ಬೇಕಂತ ಬರೆದದ್ದಲ್ಲ, ಕೈ ತಪ್ಪಿತು.
ತಪ್ಪು ತೆಳಗಿನ ಉತ್ತರದ ತನಕ ಹರಕೊಂಡು ಹೋತು,
ಮೂವತ್ತೊಂದು ಮಂದಿ ಹಂಗ ಇಳಿಸಿಕೊಂಡ್ರು.
ದಾಕ್ಷಾಯಣಿನೂ.
ದಾಕ್ಷಾಯಣಿ! ಸಾಹೇಬ್ರು ಸಾಲಿ ನೋಡಾಕ ಬಂದ ದಿನ
“ಸರ, ದೀರ್ಘ ಬಿಟ್ಟೀರಿ” ಅಂದು
ಎಲ್ಲಾರ ಮುಂದ ನನ್ನ ಕಿವಿ ಕೆಂಪು ಮಾಡಿದಾಕಿ.
ವಹಿ ತಿದ್ದಾಕ ಕುಂತಾಗ ಕಂಡೆ,
ಮೊದಲ ಐವತ್ತಾರು ಬರೆದಿದ್ಲು.
ಒರೆಸಿ, ಕಾಗದ ತೂತು ಬೀಳೋ ಹಂಗ ಒರೆಸಿ,
ಬಾಜೂಕ ಐವತ್ನಾಲ್ಕು.
ಆ ತೂತಿನ ಮ್ಯಾಲೆ ಬೆರಳಿಟ್ಟು ಭಾಳ ಹೊತ್ತು ಕುಂತೆ.

ಸಂಜಿಕೆ ಮುಂಡರಗಿ ಠಾಣೆಗೆ ಹೋದೆ.
“ಇಲೆಕ್ಷನ್ ಇನ್ನೂ ದೂರ ಐತೆಲ್ರಿ ಮಾಸ್ತರ” ಅಂದ ಪೇದೆ.
ರಶೀದಿ ಮಡಚಿ ಹಾಜರಿ ಪುಸ್ತಕದಾಗ ಇಟ್ಟೆ.

ಚಿರತಿ ಬಂದ್ರ? ಅಂತ ಕೇಳ್ತಾರ.
ಕೇಳಬೇಕಾದದ್ದ. ನನ್ನ ಹತ್ರ ಉತ್ತರ ಇಲ್ಲ.
ಬಿಸಿಯೂಟದ ರೇಣವ್ವ ತಾಟು ಬಡಿದಾಳು,
ನಾ ಬಾಗಲ ಹಾಕೇನು,
ಅಷ್ಟ.

ಮರುದಿನ ಬೇಕಂತನ ಬರೆದೆ, ಅದ ತಪ್ಪು.
ಹಲಗಿಗೆ ಮಾರಿ ಮಾಡಿ ನಿಂತೆ.
ಗುಡ್ಡದ ಮ್ಯಾಲಿನ ಗಾಳಿಪಂಖದ ಗುಂಯ್, ಮತ್ತೇನಿಲ್ಲ.
ಕಪಾಟ ತೆರೆದು ತೋರಿಸಿದೆ: ಸುಣ್ಣ, ವಹಿ, ನಕಾಶೆ.
ಆ ದಿನ ಯಾರೂ ಏಳಲಿಲ್ಲ. ಅದರ ಮರುದಿನನೂ.

ಗುರುವಾರ ದಾಕ್ಷಾಯಣಿ ಎದ್ಲು.
ಮೊದಲ ಕಪಾಟ ನೋಡಿದ್ಲು,
ಆಮ್ಯಾಲ ನನ್ನ ಮಾರಿ,
ಆಮ್ಯಾಲ ಹಲಗಿ.
“ಸರ, ಐವತ್ತಾರ್ರಿ.”

ಈಗ ದಿನಾ ತಿದ್ದತಾಳ, ಮೊದಲಿನಂಗ.
ಆದ್ರ ಬೆರಳೆತ್ತೋ ಮುಂಚೆ, ಒಂದು ಕ್ಷಣ,
ಕಪಾಟ ನೋಡತಾಳ.