ಹೊರಹೋದ ವೇಳೆ

ಫೋರ್ಟಿನ ಏಳಂತಸ್ತಿನ ಕಟ್ಟಡ.
ಅಪಾಯ ಅಳೆಯಲು ಬಂದವನು,
ಗೇಟಿನ ಪುಸ್ತಕದಲ್ಲಿ ಬರೆದೆ:
ಹೆಸರು, ಯಮಧರ್ಮ.
ಎಲ್ಲಿಂದ, ತೆಂಕಣ ದಿಕ್ಕು.
ಯಾರನ್ನು ಕಾಣಲು, ಎಲ್ಲರನ್ನೂ.

ಸಖಾರಾಮ ಘಾಡಿ ಓದದೆ ಸಲಾಮು ಹೊಡೆದ.
"ಲಿಫ್ಟು ಎಡಕ್ಕೆ, ಸಾಹೇಬ್."
ಹದಿನಾರು ಗಂಟೆ ನಿಂತ ಕಣ್ಣು;
ಬದಲಿಯವನು ವಿರಾರ್ ಲೋಕಲಿನಲ್ಲಿ ಸಿಕ್ಕಿಬಿದ್ದಿದ್ದ.

ಐದನೇ ಮಹಡಿಯ ಬೆಂಕಿಬಾಗಿಲಿಗೆ ಇಟ್ಟಿಗೆ ಒತ್ತು,
ಚಹಾದ ಹುಡುಗನ ಕೈಯೆರಡೂ ತುಂಬಿರುತ್ತವಲ್ಲ.
ಕ್ಯಾಮೆರಾ ಹನ್ನೊಂದು, ಕುರುಡು ನಾಲ್ಕು,
ಒಂದರ ಕಣ್ಣೆದುರೇ ಪಾರಿವಾಳದ ಬಾಣಂತನ.
ಸಂಭವ ನಾಲ್ಕು, ಹಾನಿ ಐದು,
ಗುಣಿಸಿ ಇಪ್ಪತ್ತು ಎಂದೆ.

ಪರಿಹಾರ: ಚಿಲಕ, ಬಲೆ, ಘಾಡಿಗೊಬ್ಬ ಜೊತೆಗಾರ.
ಮ್ಯಾನೇಜರು ಮೊದಲೆರಡಕ್ಕೆ ಸಹಿ ಹಾಕಿದರು.

ಇಟ್ಟಿಗೆ ದಾಟಿ ಹಿಂದಿನ ಮೆಟ್ಟಿಲಿಳಿದೆ.
ಚರ್ಚ್‌ಗೇಟಿನಲ್ಲಿ ಗಾಡಿ ಹತ್ತಿದ ಮೇಲೆ ನೆನಪಾಯಿತು,
ಪುಸ್ತಕದಲ್ಲಿ
ಹೊರಹೋದ ವೇಳೆ ಬರೆದಿಲ್ಲ.