ನೂರಾ ಎಂಬತ್ತಾರು ಪಾಯಿಂಟು

ಸಿಂಧನೂರು ದಾಟಿ, ಕಾಲುವಿ ದಾಟಿ,
ಬತ್ತದ ಗದ್ದಿ ನಡುವ ಒಂದು ಮನಿ.
ದೂರದಿಂದ ನೋಡಿದ್ರ ಮೂರು ಪೆಟ್ಟಿಗಿ
ಒಂದರ ಮ್ಯಾಲೊಂದು ಓರೆ ಇಟ್ಟು ಮರತಂಗ.
ಮ್ಯಾಲಿನ ಪೆಟ್ಟಿಗಿ ಹನ್ನೆರಡು ಫೂಟು ಗಾಳಿಗೆ ಚಾಚ್ಯದ,
ಕೆಳಗ ಕಂಬ ಇಲ್ಲ.
"ಬೀಳಂಗಿಲ್ಲೇನ್ರಿ?" ಅಂದಿದ್ದೆ ಮೊದಲ ದಿನ.
ಎಂಜಿನಿಯರ್ ಹುಡುಗಿ ತನ್ನ ಪೆನ್ಸಿಲ್
ಮೇಜಿನ ಅಂಚಿನಾಚೆ ಅರ್ಧ ಚಾಚಿಟ್ಟು
ಹಿಂದಿನ ತುದಿ ಬಟ್ಟಿಲೆ ಒತ್ತಿ ತೋರಿಸಿದ್ಲು:
"ಹಿಂಗ. ಹಿಡಿಯೂದು ಹಿಂದಿರ್ತದ. ಕಾಣಂಗಿಲ್ಲ."

ನಂದೂ ಅಂಥಾದ್ದೇ ಕೆಲಸ.
ಪ್ಲಾಸ್ಟರ್ ಬೀಳೂಕ ಮೊದಲು ಗ್ವಾಡಿ ಕೊರದು
ಪೈಪು ಹುಗದು, ಅದರಾಗ ತಂತಿ ಎಳದು
ಹದಿನಾಲ್ಕು ತಿಂಗಳು.
ಈ ಮನಿ ನರ ಎಲ್ಲೆಲ್ಲಿ ಹರೀತಾವ
ಕಣ್ಣು ಕಟ್ಟಿ ಬಿಟ್ರೂ ಹೇಳ್ತೀನಿ.
ಟ್ರ್ಯಾಕ್ಟರ್ ಶೋರೂಮಿನ ಬಸಲಿಂಗಪ್ಪ ಸಾಹುಕಾರ್ರಿಗೆ
ಅದು ಗೊತ್ತಾಗಂಗಿಲ್ಲ. ಆಗಬಾರದು.
ಸ್ವಿಚ್ಚೂ ಕಾಣಬಾರದು ಅಂದ್ರು ಅವರು,
ಮುಟ್ಟಿದ್ರ ಹತ್ತೂ ಕರೀ ಗಾಜು
ಹೈದರಾಬಾದಿನಿಂದ ತರಿಸ್ಯಾರ.

ನಾಳೆ ಮುಂಜಾನೆ ಆಕಳಾ ಬರ್ತದ, ಹಾಲು ಉಕ್ಕತದ.
ಇವತ್ತಿನ ರಾತ್ರಿ ನಂದು.
ನೂರಾ ಎಂಬತ್ತಾರು ಪಾಯಿಂಟು
ಒಂದೊಂದೇ ಹಚ್ಚಿ ನೋಡಬೇಕು.

ಹಚ್ಚಿದೆ.
ದೀಪ ಎಲ್ಲೂ ಇಲ್ಲ, ಬೆಳಕು ಅದ.
ಮಾಳಗಿ ಅಂಚಿನಿಂದ ಇಳೀತದ,
ಮೆಟ್ಟಿಲ ಕೆಳಗಿಂದ ಸೋರ್ತದ,
ಕೆನಿ ಬಣ್ಣದ ನೆಲದಾಗ
ನನ್ನ ಒಡದ ಹಿಮ್ಮಡ ನನಗ ತಲಿಕೆಳಗ ಕಂಡ್ವು.
ಒಂದು ಗ್ವಾಡಿ ಪೂರಾ ಗಾಜು.
ರಸ್ತ್ಯಾಗ ಲಾರಿ ಹೋದ್ರ ಸದ್ದಿಲ್ಲ,
ಬರೇ ಎರಡು ದೀಪ ಗದ್ದಿ ನೀರಾಗ ಈಜಿ ಹೋದಂಗ.

ಹೊಟ್ಟಿಕಿಚ್ಚು ಬಂತೇನು? ಇಲ್ಲ, ಸುಳ್ಳು ಹೇಳಂಗಿಲ್ಲ.
ಜ್ವರ ಬಿಟ್ಟ ಮೈಯಂಗ ಹಗುರ ಅನಸ್ತು.
ಎಷ್ಟು ಜಾಗ ಸುಮ್ಮನ ಬಿಟ್ಟಾರ!
ಯಾತಕ್ಕೂ ಅಲ್ಲದ ಜಾಗ.
ನಮ್ಮ ಮನ್ಯಾಗ ಒಂದು ಗೂಟಕ್ಕೂ ಎರಡು ಕೆಲಸ.

ಹುಸೇನಮ್ಮಗ ಫೋನ್ ಹಚ್ಚಿದೆ. ಬಾ, ಈಗಲೇ ಬಾ.
ಅಳಿಯನ ಗಾಡಿ ಮ್ಯಾಲ ಬಂದ್ಲು,
ಹೆಗಲ ಮ್ಯಾಲ ನಿದ್ದಿ ಹೋದ ಪಾರಿ.
ಗೇಟಿನ್ಯಾಗೇ ಚಪ್ಪಲಿ ಬಿಟ್ಲು.
"ಬಾಗ್ಲ ಎಲ್ಲಿ?"
ಬಾಗ್ಲದ ಮುಂದೇ ನಿಂತಿದ್ಲು.

ಒಳಗ ಬಂದು ಒಂದು ಗ್ವಾಡಿಗೆ ಕೈ ಊರಿದ್ಲು,
ಅದು ತೆರೀತು. ಕಪಾಟು.
ಮುಚ್ಚಿದ್ಲು. ಮತ್ತ ಒತ್ತಿದ್ಲು.
ಮೂರನೇ ಸಲ ನಕ್ಲು,
ಆ ನಗಿ ಮ್ಯಾಲೆ ಮಾಳಗಿ ಮುಟ್ಟಿ
ತಡಾ ಮಾಡಿ ಕೆಳಗ ಬಂತು.
ಆಮ್ಯಾಲ ಕೇಳಿದ್ಲು:
"ಕಸಬರಗಿ ಎಲ್ಲಿಡ್ತಾರ?"
ನಕಾಶಿ ಬಿಚ್ಚಿ ನೋಡ್ದೆ.
ನೂರಾ ಎಂಬತ್ತಾರು ಪಾಯಿಂಟು ಅದಾವ,
ಅದಕ್ಕೊಂದು ಇಲ್ಲ.

"ಐದು ನಿಮಿಷ ಮಲಗಲಿ, ತಣ್ಣಗದ" ಅಂತ
ಹಾಲಿನ ನಟ್ಟನಡುವ ಪಾರೀನ್ನ ಇಳಿಸಿದ್ಲು.
ಮಗಳ ಉಸರು ತಾಗಿ
ಕಲ್ಲಿನ ಮ್ಯಾಲ ಒಂದೀಟು ಮಂಜು ಕಟ್ಟಿತು.
ಹೋಗೂ ಮುಂದ ಸೆರಗಿಲೆ ಒರಸಿದ್ಲು.

ಎರಡು ಮೀಟರ್ ಪಟ್ಟಿ ದೀಪ ಉಳದಿತ್ತು, ಕೇಳಿ ತಂದೆ.
ನಮ್ಮ ಮನಿ ಗ್ವಾಡಿ ಬುಡಕ ಹಚ್ಚಿದೆ, ಬೆಳಕು ಮ್ಯಾಲ ಮಾರಿ.
ಅಲ್ಲಿ ಬೆಳಕು ಬೆಣ್ಣಿ ಮ್ಯಾಲಿನ ಚಾಕುವಿನಂಗ ಜಾರಿತ್ತು,
ಎಲ್ಲೂ ನಿಲ್ಲಲಿಲ್ಲ.
ಇಲ್ಲಿ ಹೆಜ್ಜಿ ಹೆಜ್ಜಿಗೆ ತಡವರಿಸ್ತು.
ಇಪ್ಪತ್ತು ವರ್ಷದ ಹಿಂದ ಅವ್ವ ಮಣ್ಣು ಮೆತ್ತಿದ್ದು,
ನಾಕು ಬಟ್ಟಿನ ಕಮಾನು, ಅದರ ಬಾಜೂಕ ಇನ್ನೊಂದು,
ಮೀನಿನ ಪೊರಿಯಂಗ ಸಾಲು ಸಾಲು.
ಬಾಗ್ಲದ ಪಟ್ಟಿ ಮಟ ಹೋಗಿ ನಿಂತಾವ.
ಅವ್ವ ಗಿಡ್ಡಿ. ಅಲ್ಲಿಗೇ ಆಕಿ ಕೈ ಮುಗೀತು,
ಮ್ಯಾಲಿಂದು ಅಪ್ಪನ ಕರಣಿ, ಬೋಳು.
ಇಷ್ಟು ದಿನ ಹಗಲ ಬೆಳಕಿನ್ಯಾಗ
ಒಂದೂ ಕಂಡಿದ್ದಿಲ್ಲ.

"ತಗೀರಿ ಅದನ್ನ, ಗ್ವಾಡಿ ಡೊಂಕು ಕಾಣತದ."
ಸ್ವಲ್ಪ ಹೊತ್ತಿಗೆ ತಾನೇ ಅಂದ್ಲು,
"ಇರ್ಲಿ ಬಿಡ್ರಿ. ಬಿಲ್ಲು ಬರಲಿ, ನೋಡಮು."

ಕಪಾಟಿನ ಕತಿ ಅವ್ವನ ಬಾಯಿಂದ ಕೇಳ್ಯಾಳ ಪಾರಿ.
ಈಗ ದಿನಾ ಸಂಜಿಗೆ ಮನಿ ಸುತ್ತಾ ಬರ್ತಾಳ,
ಒಂದೊಂದು ಗ್ವಾಡಿ ಒತ್ತಿ,
ಕಿವಿ ಹಚ್ಚಿ,
ಮತ್ತ ಒತ್ತಿ.