ಖಾಲಿ ಗೂಡು

ನಗರದ ಗುಜರಿ ಹಯಾತ್ ಸಾಬರ ತಕ್ಕಡಿಯಲ್ಲಿ
ಅರ್ಧ ಕಿಲೋ ಹಿತ್ತಾಳೆ ಲೆಕ್ಕಕ್ಕೆ ಬಂತು
ಸ್ಕಾಟಿಷ್ ಪಲ್ಟನ್ನಿನ ಬಾಕು.
ಹಿಡಿಯ ತುಂಬ ಮೇದರ ಬುಟ್ಟಿಯಂಥ ಹೆಣಿಗೆ,
ನೆತ್ತಿಯ ಹಳದಿ ಕಲ್ಲು ಉದುರಿ ಅಲ್ಲಿ ಬರೀ ಅರಗು.

ಒರೆಯ ಮೇಲೆರಡು ಪುಟ್ಟ ಗೂಡು.
ಒಂದರಲ್ಲಿ ಚೂರಿ.
ಇನ್ನೊಂದರ ಮುಳ್ಳುಚಮಚಕ್ಕೆ
ಹನ್ನೊಂದು ವರ್ಷ ಅಲೆದೆ.
ಪಲ್ಟನ್ನಿನ ಸಂಖ್ಯೆ, ಹಡಗು ಹತ್ತಿದ ಇಸವಿ,
ಯಾವ ಕೋಟೆಯಲ್ಲಿ ಯಾರಿಗೆ ಸೋತಿತು,
ಎಲ್ಲ ಬಾಯಿಪಾಠ.

ಸಿಕ್ಕಿದ್ದು ದ್ಯಾವಮ್ಮನ ಒಲೆಯ ಹತ್ತಿರ.
ಕಡುಬು ಬೆಂದಿದೆಯಾ ಅಂತ ಚುಚ್ಚಿ ನೋಡುತ್ತಿದ್ದಳು.
ಮಸಿಯೊಳಗೆ ಅದೇ ಹೆಣಿಗೆ.
ಎಷ್ಟಕ್ಕೆ ಕೊಡ್ತೀಯ, ಅಂದೆ.
“ಕೊಟ್ರೆ ನಾಳೆ ಕಡುಬಿಗೆ ಏನು ಚುಚ್ಚಲಿ ಮಾರಾಯ್ರಾ?”

ನಾಲ್ಕು ಕಡುಬು ತಿಂದು ಮನೆಗೆ ಬಂದೆ.
ರಾತ್ರಿ ಬಾಕು ಒರೆಸುವಾಗ
ಖಾಲಿ ಗೂಡಿಗೂ
ಒಂದಿಷ್ಟು ಎಣ್ಣೆ ಸವರಿದೆ.